ಕಪ್ಪತಗುಡ್ಡವೂ ನಮ್ಮ ಸೊಪ್ಪಿನ ಬೆಟ್ಟವೂ



ಮಲೆನಾಡಿನ ಯಾವುದೇ ಊರಿನ ಸಭೆಯಲ್ಲಿ ‘ಪರಿಸರ ಸೂಕ್ಷ್ಮ ಪ್ರದೇಶ’ ಎಂಬ ಮಾತೆತ್ತಿದರೆ ಸಾಕು, ಸಭೆ ಎರಡು ಹೋಳಾಗುತ್ತದೆ. ಕಾಡು ಉಳಿಯದಿದ್ದರೆ ಮಳೆಯೂ ಇಲ್ಲ, ತೋಟವೂ ಇಲ್ಲ ಎನ್ನುವವರು ಒಂದು ಕಡೆ. ಕಾಡು ಉಳಿಸುವ ಹೆಸರಿನಲ್ಲಿ ನಮ್ಮನ್ನೇ ಎಬ್ಬಿಸುತ್ತಾರೆ ಎನ್ನುವವರು ಇನ್ನೊಂದು ಕಡೆ. ಪ್ರೊ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ 2011ರಲ್ಲಿಯೂ ಡಾ. ಕಸ್ತೂರಿರಂಗನ್ ಅವರ ಸಮಿತಿ 2013ರಲ್ಲಿಯೂ ವರದಿಗಳನ್ನು ಒಪ್ಪಿಸಿದ ಮೇಲೆ ಈ ವಾದ ನಿಂತದ್ದೇ ಇಲ್ಲ. 2014ರ ಮಾರ್ಚಿನಿಂದ 2024ರ ಜುಲೈವರೆಗೆ ಕೇಂದ್ರ ಸರಕಾರ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರಲ್ಲಿ ಸೇರಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಇಷ್ಟೆಲ್ಲ ಆದರೂ, ‘ಊರವರನ್ನು ಕೇಳಿದವರಾರು?’ ಎಂಬ ಮೂಲ ಪ್ರಶ್ನೆ ಇದ್ದಲ್ಲಿಯೇ ಇದೆ.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಾವು ಸಾಮಾನ್ಯವಾಗಿ ಘಟ್ಟದ ಒಳಗೇ ಸುತ್ತಾಡುತ್ತೇವೆ. ಈ ಸಲ ಸ್ವಲ್ಪ ದೂರ, ಅಡಿಕೆಯೂ ಕಾಫಿಯೂ ಬೆಳೆಯದ ಬಯಲುಸೀಮೆಗೆ ಸದಸ್ಯರನ್ನು ಕರೆದೊಯ್ಯಲು ಬಯಸುತ್ತೇವೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಕಥೆಯಲ್ಲಿ ನಮಗೆ ಬೇಕಾದ ಪಾಠವೂ ಇದೆ, ಎಚ್ಚರಿಕೆಯೂ ಇದೆ.

ಬಯಲುಸೀಮೆಯ ಗುಡ್ಡ

ಗದುಗಿನ ಸುತ್ತಿನ ನಾಡು ಎರೆಭೂಮಿಯ ನಾಡು. ಜೋಳ, ಕಡಲೆ, ಹತ್ತಿ, ಶೇಂಗಾ, ಮೆಣಸಿನಕಾಯಿ ಅಲ್ಲಿನ ಬೆಳೆಗಳು. ವರ್ಷದ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಕಡೆ ಆಷಾಢದ ಒಂದು ತಿಂಗಳಲ್ಲೇ ಇದಕ್ಕಿಂತ ಹೆಚ್ಚು ಸುರಿಯುವ ಊರುಗಳು ಎಷ್ಟೋ ಇವೆ. ಅಂಥ ನಾಡಿನ ನಡುವೆ ಎದ್ದಿರುವ ಸಾಲುಗುಡ್ಡವೇ ಕಪ್ಪತಗುಡ್ಡ. ಎಪ್ಪತ್ತು ಗಿರಿಗಳಿಗಿಂತ ಕಪ್ಪತಗಿರಿ ಲೇಸು ಎಂಬರ್ಥದ ಮಾತು ಆ ಭಾಗದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ.

ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣದ ಅದಿರೂ ಚಿನ್ನದ ಅಂಶವೂ ಇವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕಬಲಾಯತಕಟ್ಟಿಯ ಸುತ್ತ ಚಿನ್ನದ ಗಣಿಗಾರಿಕೆ ನಡೆದಿತ್ತು. ಗುಡ್ಡದ ಮೈಮೇಲೆ ಕುರುಚಲು ಕಾಡು, ಹುಲ್ಲು, ನೂರಾರು ಬಗೆಯ ಔಷಧಿ ಸಸ್ಯಗಳು. ಆದ್ದರಿಂದಲೇ ಅದಕ್ಕೆ ಸಸ್ಯಕಾಶಿ ಎಂಬ ಹೆಸರು. ಕತ್ತೆಕಿರುಬ, ತೋಳ, ಚಿರತೆ, ಕೊಂಡುಕುರಿ, ನವಿಲುಗಳಿಗೆ ಅದು ಆಶ್ರಯ. ನೆತ್ತಿಯ ಮೇಲೆ ಗಾಳಿ ಬಲವಾಗಿ ಬೀಸುವುದರಿಂದ ವಿದ್ಯುತ್ತಿಗಾಗಿ ಗಾಳಿಯಂತ್ರಗಳೂ ಬಂದು ನಿಂತಿವೆ.

ಹೀಗೆ ಒಂದೇ ಗುಡ್ಡದಲ್ಲಿ ಗಣಿಯವನು ಅದಿರನ್ನು ಕಾಣುತ್ತಾನೆ, ವಿದ್ಯುತ್ ಕಂಪನಿಯವನು ಗಾಳಿಯನ್ನು ಕಾಣುತ್ತಾನೆ, ಅರಣ್ಯ ಇಲಾಖೆ ಮರ ಮತ್ತು ಮೃಗಗಳನ್ನು ಕಾಣುತ್ತದೆ. ಆದರೆ ಗುಡ್ಡದ ಬುಡದ ಊರಿನವನು ಏನನ್ನು ಕಾಣುತ್ತಾನೆ? ಈ ಪ್ರಶ್ನೆಯನ್ನು ಕೇಳುವುದೇ ಮಾನವಶಾಸ್ತ್ರದ ಕೆಲಸ.

ಊರವರ ಲೆಕ್ಕದಲ್ಲಿ ಗುಡ್ಡ

ಮಾನವಶಾಸ್ತ್ರವೆಂದರೆ ಕಾಡುಜನರ ಕುಣಿತ, ಉಡುಗೆತೊಡುಗೆಗಳನ್ನು ಬರೆದಿಡುವ ವಿದ್ಯೆ ಎಂದು ಭಾವಿಸುವವರುಂಟು. ಅದು ಪೂರ್ತಿ ಸರಿಯಲ್ಲ. ಜನ ತಮ್ಮ ಊರು, ನೀರು, ನೆಲಗಳೊಡನೆ ಹೇಗೆ ಬಾಳುತ್ತಾರೆ, ಯಾವ ಕಟ್ಟಳೆಗೆ ಏಕೆ ಒಪ್ಪುತ್ತಾರೆ, ಯಾವುದನ್ನು ಮಾರಲಾರೆವು ಎನ್ನುತ್ತಾರೆ ಎಂಬುದನ್ನು ಅವರ ನಡುವೆಯೇ ಇದ್ದು ತಿಳಿಯುವುದು ಅದರ ರೀತಿ. ನಮ್ಮ ಕೊಡಗಿನ ಸದಸ್ಯರಿಗೆ ಎಂ.ಎನ್. ಶ್ರೀನಿವಾಸರ ಹೆಸರು ಪರಿಚಿತವೇ. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. ಒಕ್ಕ, ಊರು, ನಾಡುಗಳು ಆಚರಣೆಯ ಮೂಲಕ ಹೇಗೆ ಒಂದಾಗಿ ನಿಲ್ಲುತ್ತವೆ ಎಂಬುದನ್ನು ಅದು ತೋರಿಸಿತು.

ಆ ಕಣ್ಣಿನಿಂದ ಕಪ್ಪತಗುಡ್ಡವನ್ನು ನೋಡೋಣ. ಕುರಿಗಾರನಿಗೆ ಅದು ಮೇವು. ಬುಡದ ತಾಂಡಾಗಳ ಲಂಬಾಣಿ ಕುಟುಂಬಗಳಿಗೆ ಉರುವಲು, ಹಣ್ಣು, ಕಾಯಿ. ನಾಟಿವೈದ್ಯನಿಗೆ ಬೇರು, ತೊಗಟೆ. ಕೆಳಗಿನ ರೈತನಿಗೆ ಹಳ್ಳಕ್ಕೆ ಇಳಿದು ಬರುವ ನೀರು. ಎಲ್ಲರಿಗೂ ಅದು ಕಪ್ಪತ ಮಲ್ಲೇಶ್ವರನ, ಗಾಳಿಗುಂಡಿ ಬಸವಣ್ಣನ ಸ್ಥಾನ. ಶ್ರಾವಣದಲ್ಲಿ ಭಕ್ತರು ಗುಡ್ಡ ಹತ್ತುತ್ತಾರೆ. ಗುಡ್ಡದ ಮಡಿಲಿನಲ್ಲಿಯೇ ನಂದಿವೇರಿ ಮಠವಿದೆ. ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯಿದೆ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿ ಬೌದ್ಧ ವಿಹಾರವಿದ್ದುದನ್ನು ಶಾಸನ ಹೇಳುತ್ತದೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಅಂದರೆ ಹುಲಿಯ ಕೆರೆ. ಕಾಡು ಮತ್ತು ಕೆರೆಗಳ ನೆನಪು ಊರಿನ ಹೆಸರಿನಲ್ಲಿಯೇ ಉಳಿದಿದೆ.

ಮೇವು, ಮದ್ದು, ನೀರು, ದೇವರು ಎಂಬ ಇವು ಬೇರೆ ಬೇರೆ ಖಾತೆಗಳಲ್ಲ, ಒಂದೇ ಖಾತೆಯ ಬಾಬುಗಳು. ಸರಕಾರದ ಕಡತಗಳಲ್ಲಿ ಮಾತ್ರ ಅವು ಗಣಿ, ಅರಣ್ಯ, ಕಂದಾಯ, ಮುಜರಾಯಿ ಎಂದು ನಾಲ್ಕು ಇಲಾಖೆಗಳಾಗುತ್ತವೆ. ನೀತಿ ಎಡವುವುದು ಇಲ್ಲಿಯೇ.

ಹಳ್ಳಿಗುಡಿಯಿಂದ ಗುಡ್ಡದವರೆಗೆ

2010ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದ ಕಾಲಕ್ಕೆ ದಕ್ಷಿಣ ಕೊರಿಯದ ಪೋಸ್ಕೋ ಕಂಪನಿಯೊಡನೆ ರಾಜ್ಯ ಸರಕಾರ ಒಪ್ಪಂದ ಮಾಡಿಕೊಂಡಿತು. 32,336 ಕೋಟಿ ರೂಪಾಯಿಯ, ವರ್ಷಕ್ಕೆ 60 ಲಕ್ಷ ಟನ್ ಸಾಮರ್ಥ್ಯದ ಉಕ್ಕಿನ ಕಾರ್ಖಾನೆ. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ 3,382 ಎಕರೆ ಭೂಮಿಯನ್ನು ಗುರುತಿಸಲಾಯಿತು. ರೈತರು ಒಪ್ಪಲಿಲ್ಲ. ಗದಗ ತೋಂಟದಾರ್ಯ ಮಠದ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತರು. 2011ರ ಜುಲೈಯಲ್ಲಿ ಭೂಸ್ವಾಧೀನ ನಿಂತಿತು. 2013ರ ಜುಲೈಯಲ್ಲಿ ಕಂಪನಿ ತಾನು ಯೋಜನೆಯಿಂದ ಹಿಂದೆ ಸರಿದುದಾಗಿ ಪ್ರಕಟಿಸಿತು.

ಉಕ್ಕಿನ ಕಾರ್ಖಾನೆ ಹೋದರೂ ಗುಡ್ಡದ ಅದಿರಿನ ಮೇಲಿನ ಕಣ್ಣು ಹೋಗಲಿಲ್ಲ. 2015ರ ಡಿಸೆಂಬರಿನಲ್ಲಿ ಸರಕಾರವು ಕಪ್ಪತಗುಡ್ಡದ 17,872 ಹೆಕ್ಟೇರನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಆದೇಶವನ್ನು ಹಿಂತೆಗೆದುಕೊಂಡಿತು. ಸ್ಥಳೀಯ ಜನರೊಡನೆ ಸಮಾಲೋಚನೆ ನಡೆದಿರಲಿಲ್ಲವೆಂಬುದು ಕೊಟ್ಟ ಕಾರಣ.

ಬಾಂಧವರು ಈ ಕಾರಣವನ್ನು ಚೆನ್ನಾಗಿ ಗಮನಿಸಬೇಕು. ‘ಜನರನ್ನು ಕೇಳಲಿಲ್ಲ’ ಎಂಬುದು ನಮ್ಮ ದೂರು. ಅದೇ ಮಾತು ಇಲ್ಲಿ ರಕ್ಷಣೆಯನ್ನು ತೆಗೆದುಹಾಕಲು ಆಧಾರವಾಯಿತು. ಆಗ ಗದಗ ಜಿಲ್ಲೆಯ ಜನ ಮಾಡಿದ್ದೇನು? ‘ಹಾಗಾದರೆ ಈಗ ಕೇಳಿ, ಹೇಳುತ್ತೇವೆ’ ಎಂದರು. 2017ರ ಆರಂಭದಲ್ಲಿ ಗದಗದಲ್ಲಿ ನಡೆದ ಅಹವಾಲು ಸಭೆಯಲ್ಲಿ ರಕ್ಷಣೆ ಬೇಕೆಂಬ ದನಿಯೇ ದೊಡ್ಡದಾಗಿತ್ತು. ಫೆಬ್ರವರಿಯಲ್ಲಿ ಸಿದ್ಧಲಿಂಗ ಸ್ವಾಮೀಜಿಯವರೂ ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರೂ ಮುಂದಾಳುಗಳಾಗಿ ಗದಗದಲ್ಲಿ ಮೂರು ದಿನಗಳ ಅಹೋರಾತ್ರಿ ಧರಣಿ ನಡೆಯಿತು. ರೈತರು, ವಿದ್ಯಾರ್ಥಿಗಳು, ಮಠಗಳು, ಸಾಹಿತಿಗಳು ಒಂದೇ ಚಪ್ಪರದಡಿ ಕುಳಿತರು. ಏಪ್ರಿಲ್ ತಿಂಗಳಲ್ಲಿ ಸರಕಾರ ಗುಡ್ಡಕ್ಕೆ ಮೀಸಲು ಸ್ಥಾನಮಾನವನ್ನು ಮರಳಿ ಕೊಟ್ಟಿತು. 2018ರ ಅಕ್ಟೋಬರಿನಲ್ಲಿ ಸ್ವಾಮೀಜಿಯವರು ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ವಿಸ್ತೀರ್ಣದ ಕಪ್ಪತಗುಡ್ಡ ವನ್ಯಜೀವಿ ಅಭಯಾರಣ್ಯ ಘೋಷಣೆಯಾಯಿತು.

ಈ ಭಾಗಕ್ಕೆ ಇಂಥ ಹೋರಾಟ ಹೊಸದೇನಲ್ಲ. 1984ರಲ್ಲಿ ಸ್ಥಾಪನೆಯಾದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ನೀಲಗಿರಿ ಬೆಳೆಸಲೆಂದು ಸುಮಾರು 30,000 ಹೆಕ್ಟೇರ್ ಸರಕಾರಿ ಭೂಮಿಯನ್ನು ಒದಗಿಸುವ ಯೋಜನೆಯಿತ್ತು. ಅದರಲ್ಲಿ ಊರವರ ದನಕರು ಮೇಯುತ್ತಿದ್ದ ಜಾಗಗಳೂ ಸೇರಿದ್ದವು. ಶಿವರಾಮ ಕಾರಂತರೂ ಸೇರಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೆಂದು ಅದು ಹೆಸರಾಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಆ ಹೋರಾಟ ಮರಗಳ ವಿರುದ್ಧದ್ದಾಗಿರಲಿಲ್ಲ. ಯಾವ ಮರ, ಯಾರಿಗಾಗಿ, ಯಾರ ನೆಲದಲ್ಲಿ ಎಂಬುದೇ ಅಲ್ಲಿನ ಪ್ರಶ್ನೆ.

ಕಾಯ್ದೆಯ ಮೆಟ್ಟಿಲುಗಳು

ಇಷ್ಟಕ್ಕೇ ಕಥೆ ಮುಗಿಸಿದರೆ ಅದು ಜಯಗೀತೆಯಾದೀತು. ಆದರೆ ಮೀಸಲು ಪ್ರದೇಶ, ಅಭಯಾರಣ್ಯ ಎಂಬ ಎರಡು ಹೆಸರುಗಳ ನಡುವೆ ವ್ಯತ್ಯಾಸ ಬಹಳವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೆಟ್ಟಿಲುಗಳನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿದಿರಬೇಕು.

ಮೊದಲನೆಯದು ಸಂರಕ್ಷಿತ ಮೀಸಲು. ಇದು ಸರಕಾರಿ ಭೂಮಿಗೆ ಮಾತ್ರ ಅನ್ವಯಿಸುತ್ತದೆ. ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಿದ ಬಳಿಕವೇ ಘೋಷಿಸಬೇಕು. ಸಲಹಾ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು.

ಎರಡನೆಯದು ಸಮುದಾಯ ಮೀಸಲು. ಖಾಸಗಿ ಅಥವಾ ಸಮುದಾಯದ ಭೂಮಿಯಲ್ಲಿ, ಜನರೇ ಸ್ವಇಚ್ಛೆಯಿಂದ ಮುಂದೆ ಬಂದಾಗ ಆಗತಕ್ಕದ್ದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಘೋಷಿತವಾಯಿತು. ಅಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಗೂಡು ಕಟ್ಟುವುದು ಊರವರ ಹುಣಸೆಮರಗಳ ಮೇಲೆ.

ಮೂರನೆಯದು ಅಭಯಾರಣ್ಯ. ಇಲ್ಲಿ ಜನರ ಹಕ್ಕುಗಳನ್ನು ಜಿಲ್ಲಾಧಿಕಾರಿ ವಿಚಾರಣೆ ನಡೆಸಿ ತೀರ್ಮಾನಿಸಬೇಕು. ಆದರೆ ಮೊದಲೇ ಮೀಸಲು ಅರಣ್ಯವಾಗಿರುವ ಜಾಗವನ್ನು ಆ ಹೊಸ ವಿಚಾರಣೆಯಿಲ್ಲದೆ ನೇರವಾಗಿ ಅಭಯಾರಣ್ಯವೆಂದು ಘೋಷಿಸಲು ಅವಕಾಶವಿದೆ. ದನಕರು ಮೇಯಿಸುವುದು ಇಲಾಖೆಯ ನಿಯಂತ್ರಣಕ್ಕೆ ಒಳಪಡುತ್ತದೆ. ನಾಲ್ಕನೆಯದಾದ ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವುದಕ್ಕೆ ಅವಕಾಶವೇ ಇಲ್ಲ.

ಗಣಿಯನ್ನು ತಡೆಯಲು ಬಲವಾದ ಬೀಗ ಬೇಕು. ಅಭಯಾರಣ್ಯ ಅಂಥ ಬೀಗ. ಆದರೆ ಅದೇ ಬೀಗ ಕುರಿಗಾರನ ಎದುರಿಗೂ ಬೀಳಬಹುದು. ಗುಡ್ಡ ಉಳಿಯಲೆಂದು ಧರಣಿ ಕುಳಿತವನೇ ನಾಳೆ ಒಂದು ಹೊರೆ ಸೌದೆಗೆ, ಒಂದು ಬುಟ್ಟಿ ಬೇರಿಗೆ ಅಪ್ಪಣೆ ಕೇಳುವ ಸ್ಥಿತಿ ಬರಬಾರದು. ಬಂದರೆ ಗುಡ್ಡಕ್ಕೆ ಕಾವಲಿಗೆ ನಿಂತ ಜನ ನಿಧಾನವಾಗಿ ದೂರ ಸರಿಯುತ್ತಾರೆ. ಆಮೇಲೆ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಆರಿಸಲು ಓಡುವವರಾರು? ಗಸ್ತು ತಿರುಗುವ ಬೆರಳೆಣಿಕೆಯ ನೌಕರರಿಂದ 244 ಚದರ ಕಿಲೋಮೀಟರ್ ಕಾಯಲಾಗದು. ಗಣಿಗೂ ಮೇಕೆಗೂ ಒಂದೇ ಅಳತೆ ಹಿಡಿಯುವ ನೀತಿಯು ಕಾಡಿಗೇ ಹಾನಿಕರ ಎಂಬುದು ನಮ್ಮ ಅಭಿಪ್ರಾಯ.

ಮಾಗಡಿಯ ಕೆರೆ

ಶಿರಹಟ್ಟಿಗೆ ಹತ್ತಿರದ ಮಾಗಡಿ ಕೆರೆಯ ನಿದರ್ಶನ ಬೇರೆ ತೆರನಾದುದು. ಅದು ಸುಮಾರು 50 ಹೆಕ್ಟೇರಿನ, ನೀರಾವರಿಗೆಂದು ಮನುಷ್ಯರೇ ಕಟ್ಟಿದ ಕೆರೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಸಂಖ್ಯೆ ಎಂಟು ಸಾವಿರದ ಹತ್ತಿರಕ್ಕೆ ಹೋಗುತ್ತದೆ. ಕೆರೆಯಲ್ಲಿ 166 ಜಾತಿಯ ಹಕ್ಕಿಗಳನ್ನು ಗುರುತಿಸಲಾಗಿದೆ. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿಗಳ ಜೊತೆ ಮಾಗಡಿಯೂ ರಾಮ್ಸಾರ್ ಪಟ್ಟಿಗೆ ಸೇರಿತು.

ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ. ಹುಲ್ಲು, ಕಾಳು, ಎಳೆ ಪೈರು ಅದರ ಆಹಾರ. ಹಗಲಲ್ಲಿ ಕೆರೆಯಲ್ಲಿ ವಿಶ್ರಮಿಸಿ, ಮೇವಿಗೆ ಸುತ್ತಣ ಹೊಲಗಳಿಗೆ ಇಳಿಯುತ್ತದೆ. ಅಂದರೆ ಜಗತ್ತೇ ಮೆಚ್ಚಿದ ಈ ಹಕ್ಕಿಗಳ ಊಟದ ಖರ್ಚಿನ ಒಂದು ಪಾಲನ್ನು ಮಾಗಡಿ ಸುತ್ತಲಿನ ರೈತನೇ ಭರಿಸುತ್ತಿದ್ದಾನೆ. ಅವನು ಕವಣೆ ಎತ್ತದೆ ಇರುವುದರಿಂದಲೇ ಆ ಕೆರೆಗೆ ಕೀರ್ತಿ. ಆನೆ, ಕಾಡುಕೋಣ, ಮಂಗಗಳ ಹಾವಳಿಯನ್ನು ಅನುಭವಿಸುವ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂರಕ್ಷಣೆಯ ಲೆಕ್ಕಪತ್ರದಲ್ಲಿ ರೈತನ ಸಹನೆಗೂ ಒಂದು ಕಲಂ ಇರಬೇಕು.

ಹೊರನಾಡಿನ ಅನುಭವ

ಊರವರ ಕಟ್ಟಳೆಯನ್ನು ಮೂಢನಂಬಿಕೆಯೆಂದು ತಳ್ಳಿದರೆ ಏನಾಗುತ್ತದೆಂಬುದಕ್ಕೆ ಇಂಡೋನೇಷ್ಯದ ಬಾಲಿ ದ್ವೀಪದ ಉದಾಹರಣೆಯಿದೆ. ಅಲ್ಲಿ ಗದ್ದೆಗಳಿಗೆ ನೀರು ಬಿಡುವ ಸರದಿಯನ್ನು ನೀರಿನ ದೇವಾಲಯಗಳ ಮೂಲಕ ರೈತರ ಸಂಘಗಳು ನಿಶ್ಚಯಿಸುತ್ತಿದ್ದವು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಈ ಪೂಜೆ, ಸರದಿಗಳನ್ನು ಬದಿಗೊತ್ತಿ, ಆದಷ್ಟು ಹೆಚ್ಚು ಬೆಳೆ ತೆಗೆಯಿರೆಂದರು. ಎಲ್ಲೆಡೆ ಬೇರೆ ಬೇರೆ ಕಾಲಕ್ಕೆ ನಾಟಿಯಾದ್ದರಿಂದ ಜಿಗಿಹುಳುವಿಗೆ ವರ್ಷವಿಡೀ ಮೇವು ಸಿಕ್ಕಿತು, ಬೆಳೆ ನೆಲಕಚ್ಚಿತು. ಇಡೀ ಕಣಿವೆ ಒಟ್ಟಿಗೆ ಗದ್ದೆಯನ್ನು ಪಾಳು ಬಿಡುವಂತೆ ಮಾಡುತ್ತಿದ್ದ ಆ ದೇವಾಲಯದ ಸರದಿಯೇ ಕೀಟನಿಯಂತ್ರಣವೂ ಆಗಿತ್ತೆಂಬುದನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ತೋರಿಸಿಕೊಟ್ಟರು. ಕೊಳೆರೋಗಕ್ಕೆ ಒಬ್ಬನೇ ಬೋರ್ಡೋ ಹೊಡೆದು ಪಕ್ಕದ ತೋಟದವನು ಬಿಟ್ಟರೆ ಏನಾಗುವುದೆಂದು ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಪಶ್ಚಿಮ ಆಫ್ರಿಕದ ಗಿನಿಯಲ್ಲಿ ಹುಲ್ಲುಬಯಲಿನ ನಡುವೆ ಪ್ರತಿ ಊರಿನ ಸುತ್ತಲೂ ಕಾಡಿನ ತುಂಡುಗಳಿವೆ. ಊರವರು ಕಾಡೆಲ್ಲ ಕಡಿದ ಮೇಲೆ ಉಳಿದ ಚೂರುಗಳೆಂದು ಅಧಿಕಾರಿಗಳು ದಶಕಗಟ್ಟಲೆ ನಂಬಿ ಜನರಿಗೆ ದಂಡ ಹಾಕಿದರು. ಜೇಮ್ಸ್ ಫೇರ್‌ಹೆಡ್ ಮತ್ತು ಮೆಲಿಸಾ ಲೀಚ್ ಹಳೆಯ ವಿಮಾನಚಿತ್ರಗಳನ್ನು ನೋಡಿ, ಹಿರಿಯರನ್ನು ಕೇಳಿ, 1996ರ ತಮ್ಮ ಗ್ರಂಥದಲ್ಲಿ ತದ್ವಿರುದ್ಧವಾದುದನ್ನು ಹೇಳಿದರು: ಆ ಕಾಡುಗಳು ಉಳಿದವಲ್ಲ, ಊರವರೇ ಬೆಳೆಸಿದವು.

ಸಾಮಾನ್ಯರ ಸ್ವತ್ತು ಹಾಳಾಗಿಯೇ ತೀರುತ್ತದೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದರು. ಎಲಿನಾರ್ ಆಸ್ಟ್ರಮ್ 1990ರ ಗ್ರಂಥದಲ್ಲಿ, ಎಲ್ಲೆ ಸ್ಪಷ್ಟವಾಗಿದ್ದು, ಬಳಸುವವರೇ ನಿಯಮ ಮಾಡಿ, ಕಾವಲುಗಾರ ಅವರಿಗೇ ಉತ್ತರ ಹೇಳುವಂತಿದ್ದು, ತಪ್ಪಿಗೆ ತಕ್ಕ ದಂಡವಿದ್ದಲ್ಲಿ ಸಾಮಾನ್ಯ ಸ್ವತ್ತು ತಲೆತಲಾಂತರ ಉಳಿಯುತ್ತದೆಂದು ದೇಶದೇಶಗಳ ನಿದರ್ಶನಗಳಿಂದ ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂದಿತು. ಸಹಕಾರ ಸಂಘದ ಉಪವಿಧಿಗಳನ್ನು ಓದಿದವರಿಗೆ ಆಸ್ಟ್ರಮ್ ಅವರ ಸೂತ್ರಗಳು ಹೊಸದಾಗಿ ಕಾಣಲಾರವು.

ನಮ್ಮ ಅಂಗಳಕ್ಕೆ ಬಂದರೆ

ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಉಂಟು. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ ಬಾಣೆ, ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಕುಮ್ಕಿ, ಸೊರಬ ಸಾಗರಗಳಲ್ಲಿ ಕಾನು. ಹೆಸರು ಬೇರೆಯಾದರೂ ತತ್ವ ಒಂದೇ: ಬೇಸಾಯ ನಿಲ್ಲಬೇಕಾದರೆ ಅದರ ಬೆನ್ನಿಗೆ ಕಾಡು ಇರಬೇಕು.

1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್, ಕಾರವಾರದ ಬಳಿ ಕಾಡುಗಳು ಊರದೇವರ ಸ್ವತ್ತೆಂದೂ ದೇವರ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಜನ ಹೇಳಿದುದನ್ನು ಬರೆದಿದ್ದಾನೆ. ಸರಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯುವ ಉಪಾಯವಿದು ಎಂಬುದು ಅವನ ಷರಾ. ಉಪಾಯವೋ ಭಕ್ತಿಯೋ, ಕೊಡಲಿಗೆ ತಡೆಯಂತೂ ಇತ್ತು.

ಆದರೆ ದೇವರ ಹೆಸರೊಂದೇ ಕಾಡನ್ನು ಕಾಯಲಾರದು. ಕೊಡಗಿನ 1,214 ದೇವರಕಾಡುಗಳ ವಿಸ್ತೀರ್ಣ 1905ರಲ್ಲಿ 15,506 ಎಕರೆಯಿದ್ದುದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಒತ್ತುವರಿಯಾದ ಜಾಗದಲ್ಲಿ ಕಾಫಿ ಗಿಡಗಳು ಎದ್ದವು. ದೇವಸ್ಥಾನ ದೊಡ್ಡದಾಯಿತು, ಕಾಡು ಚಿಕ್ಕದಾಯಿತು. ಆಚರಣೆ ಉಳಿದು ಕಟ್ಟಳೆ ಸಡಿಲವಾದರೆ ಹೀಗಾಗುತ್ತದೆ. ಆದ್ದರಿಂದ ‘ಹಿಂದಿನವರೆಲ್ಲ ಪರಿಸರವಾದಿಗಳು’ ಎಂಬ ಹೊಗಳಿಕೆಯೂ ಬೇಡ, ‘ಜನರಿಂದಲೇ ಕಾಡು ಹಾಳು’ ಎಂಬ ತೆಗಳಿಕೆಯೂ ಬೇಡ. ನಿಯಮ ಯಾರದು, ಕಾವಲು ಯಾರದು, ಫಲ ಯಾರದು ಎಂದು ಪ್ರತಿಯೊಂದು ಬೆಟ್ಟಕ್ಕೂ ಪ್ರತ್ಯೇಕವಾಗಿ ಕೇಳಬೇಕು.

ಗಾಡ್ಗೀಳ್ ಸಮಿತಿಯ ವರದಿಯನ್ನು ಸ್ಥಳೀಯ ಭಾಷೆಗಳಿಗೆ ತಂದು, ಗ್ರಾಮಸಭೆಗಳಲ್ಲಿ ಚರ್ಚಿಸಿ, ಅವುಗಳ ಅಭಿಪ್ರಾಯದಂತೆ ಗಡಿ ನಿಶ್ಚಯಿಸಬೇಕೆಂಬುದು ಅದರ ಆಶಯವೇ ಆಗಿತ್ತು. ವರದಿ ಊರಿಗೆ ಬರುವ ಮೊದಲೇ ಅದರ ಭಯ ಊರಿಗೆ ಬಂದಿತು. ಓದದೆ ಒಪ್ಪಿದವರೂ ಓದದೆ ಸುಟ್ಟವರೂ ಒಂದೇ ನಷ್ಟಕ್ಕೆ ಗುರಿಯಾದರು.

ಈಗ ಮಾಡಬೇಕಾದುದು

ಗದಗ ಜಿಲ್ಲೆಯ ಜನರಿಂದ ನಾವು ಕಲಿಯಬೇಕಾದ ಮುಖ್ಯ ವಿಷಯ, ಕೇಳುವವರು ಬರಲಿ ಎಂದು ಕಾಯದೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳುವುದು. ಸದಸ್ಯರ ಅವಗಾಹನೆಗಾಗಿ ಕೆಲವು ಸಲಹೆಗಳನ್ನು ಕೊಟ್ಟಿದ್ದೇವೆ.

1. ಸೊಪ್ಪಿನ ಬೆಟ್ಟ, ಬಾಣೆ, ಕುಮ್ಕಿ, ಕಾನು ಯಾವುದಿದ್ದರೂ ಅದರ ಸರ್ವೆ ನಂಬರು, ವಿಸ್ತೀರ್ಣ, ಹಳೆಯ ನಕಾಶೆ ಮತ್ತು ಆದೇಶಗಳ ಪ್ರತಿಗಳನ್ನು ಊರುವಾರು ಒಂದೆಡೆ ಸಂಗ್ರಹಿಸಬೇಕು.

2. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲೆ ಸಿದ್ಧಪಡಿಸಬೇಕು. ನಮ್ಮ ಊರಿನ ದಾಖಲೆ ಕಚೇರಿಯ ಕಪಾಟಿನಲ್ಲಿ ಕುಳಿತಿದೆಯೇ, ಊರವರ ಅರಿವಿನಿಂದ ಬರೆದದ್ದೇ ಎಂದು ವಿಚಾರಿಸಬೇಕು. ಜೇನು, ಮುರುಗಲು, ಉಪ್ಪಾಗೆ, ಕಾಡುಮಾವು, ನಾಟಿಮದ್ದುಗಳ ಜ್ಞಾನ ಅದರಲ್ಲಿ ಬರಬೇಕು.

3. 2006ರ ಅರಣ್ಯ ಹಕ್ಕು ಕಾಯ್ದೆ ಕೇವಲ ಸಾಗುವಳಿ ಭೂಮಿಯ ಪಟ್ಟೆಗಾಗಿ ಇರುವುದಲ್ಲ. ಸಮುದಾಯದ ಅರಣ್ಯ ಸಂಪನ್ಮೂಲವನ್ನು ಕಾಪಾಡುವ ಮತ್ತು ನಿರ್ವಹಿಸುವ ಹಕ್ಕೂ ಅದರಲ್ಲಿದೆ. ಪರಿಶಿಷ್ಟ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸ ಮತ್ತು ಅವಲಂಬನೆಯನ್ನು ತೋರಿಸಬೇಕಾಗುತ್ತದೆ.

4. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಟರೆ ಆಕ್ಷೇಪಣೆಗೆ ಇರುವುದು 60 ದಿನ. ಆ ಅವಧಿಯಲ್ಲಿ ಗ್ರಾಮಸಭೆ ಸೇರಿ, ಬೇಡವೆಂಬ ಒಂದೇ ಸಾಲಿನ ಠರಾವಿಗೆ ಬದಲು, ಯಾವ ಅಂಶ ಒಪ್ಪಿಗೆ, ಯಾವುದು ಅಲ್ಲ, ಏಕೆ ಎಂದು ವಿವರವಾಗಿ ಬರೆದು ಕಳುಹಿಸಬೇಕು. ಗಣಿ, ಕಲ್ಲುಕ್ವಾರಿ, ಭಾರಿ ಕಟ್ಟಡಗಳು ಬೇಡ. ಸೊಪ್ಪು, ತರಗು, ಮೇವು, ಬೇಸಾಯಕ್ಕೆ ಅಡ್ಡಿ ಬೇಡ ಎಂದು ಎರಡನ್ನೂ ಒಟ್ಟಿಗೆ ಹೇಳಲು ನಮಗೆ ಸಂಕೋಚವಿರಬಾರದು.

5. ಇಷ್ಟು ಕೇಳುವವರ ಬೆಟ್ಟ ಬೋಳಾಗಿರಬಾರದು. ಸೊಪ್ಪಿನ ಬೆಟ್ಟದ ಸಾಮೂಹಿಕ ಬೇಲಿ, ಸೊಪ್ಪು ಕಡಿಯುವ ಸರದಿ, ಕಾಡುಜಾತಿಯ ಸಸಿಗಳ ನಾಟಿ, ತೋಟದಲ್ಲಿ ಸಿಲ್ವರ್ ಓಕ್ ಒಂದನ್ನೇ ನೆಚ್ಚದೆ ಊರಿನ ನೆರಳುಮರಗಳನ್ನು ಉಳಿಸುವುದು, ಇವುಗಳಿಗೆ ಊರೂರಿನಲ್ಲಿ ನಿಯಮವಾಗಬೇಕು. ಮಾತಿಗೆ ಬಲ ಬರುವುದು ಹಸಿರಾಗಿರುವ ಬೆಟ್ಟದಿಂದ.

ಗದಗ ತಾಲೂಕಿನ ಕಣಗಿನಹಾಳ ಗ್ರಾಮದಲ್ಲಿ 1905ರ ಮೇ 8ರಂದು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ನೋಂದಣಿಯಾದ ಸಂಘವು ದೇಶದ ಮೊದಮೊದಲ ಗ್ರಾಮೀಣ ಕೃಷಿ ಸಹಕಾರ ಸಂಘಗಳಲ್ಲಿ ಒಂದು. ಒಬ್ಬೊಬ್ಬನೇ ಸಾಹುಕಾರನ ಬಾಗಿಲಲ್ಲಿ ನಿಲ್ಲುವ ಬದಲು ಊರೇ ಸೇರಿ ತನ್ನ ಹಣಕ್ಕೆ ತಾನೇ ನಿಯಮ ಮಾಡಿಕೊಂಡಿತು. ನಮ್ಮ ಸಂಘಗಳೆಲ್ಲ ಅದೇ ಬಳ್ಳಿಯ ಕುಡಿಗಳು. ಅಡಿಕೆಯ ಧಾರಣೆಗೆ, ಕಾಫಿಯ ಸಂಸ್ಕರಣೆಗೆ, ಗೊಬ್ಬರದ ಸಾಲಕ್ಕೆ ನಾವು ಒಂದಾದೆವು. ತೋಟದ ಬೆನ್ನಿಗಿರುವ ಕಾಡಿನ ವಿಷಯದಲ್ಲಿ ಮಾತ್ರ ಇಂದಿಗೂ ಒಬ್ಬೊಬ್ಬರೇ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೇವೆ. ಮುಂದಿನ ಸರ್ವಸಾಧಾರಣ ಸಭೆಗೆ ಮೊದಲು ಪ್ರತಿಯೊಂದು ಊರಿನ ಸದಸ್ಯರೂ ಒಮ್ಮೆ ಕಲೆತು, ತಮ್ಮ ಬೆಟ್ಟದ ಎಲ್ಲೆಯನ್ನು ಒಟ್ಟಿಗೆ ನಡೆದು ನೋಡಿ, ಕಂಡದ್ದನ್ನು ಬರೆದು ತರಬೇಕೆಂದು ವಿನಂತಿಸುತ್ತೇವೆ.